ಜೆಪ್ಪುವಿನ ಹಂಚಿಗೂ ಯುದ್ಧಕ್ಕೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. ಯುದ್ಧದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಹಂಚಿನ ಬಗ್ಗೆ ಮಾತಾಡುತ್ತೇನೆ. ಮಂಗಳೂರಿನವರ ಮುಂದೆ ಹಂಚಿನ ಕಥೆ ಹೇಳೋದಕ್ಕೂ ಸ್ವಲ್ಪ ಧೈರ್ಯ ಬೇಕು, ಇರಲಿ.

ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ, ಕ್ರೈಸ್ತ ಧರ್ಮ ಪ್ರಚಾರಕ್ಕೆ. ಕ್ರೈಸ್ತರಾದವರಿಗೆ ಊರಲ್ಲಿ ಹಳೆಯ ಕಸುಬು ಕೈತಪ್ಪುತ್ತಿತ್ತು, ಎಷ್ಟೋ ಸಲ ಮನೆಯೂ ಇಲ್ಲ. ಅವರಿಗೆ ಕೆಲಸ ಬೇಕಿತ್ತು. ಹಾಗೆ ನೇಯ್ಗೆ ಶುರುವಾಯಿತು, ಬಲ್ಮಠದಲ್ಲಿ ಅಚ್ಚುಕೂಟ ಬಂತು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಅಲ್ಲೇ. 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಹೊಳೆಯ ಜೇಡಿಮಣ್ಣು, ಭಟ್ಟಿಯ ಬೆಂಕಿ, ಬಂದರಿನಲ್ಲಿ ಹಡಗು. ಇಷ್ಟರ ಮೇಲೆ ಎಷ್ಟೋ ಮನೆಗಳ ಒಲೆ ಉರಿಯಿತು.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ನಮ್ಮನ್ನು ಯಾರೂ ಕೇಳಲಿಲ್ಲ, ಆದರೂ ನಾವೂ ಅದರೊಳಗೆ. ಬಾಸೆಲ್ ಇರುವುದು ಸ್ವಿಜರ್ಲೆಂಡಿನಲ್ಲಿ, ಅದು ಯಾರ ಪಕ್ಷವೂ ಅಲ್ಲದ ದೇಶ. ಆದರೆ ಪಾದ್ರಿಗಳಲ್ಲಿ ತುಂಬಾ ಜನ ಜರ್ಮನ್ನರು. ಕನ್ನಡದಲ್ಲಿ ಪಾಠ ಹೇಳುತ್ತಿದ್ದವರು, ಊರವರ ಮದುವೆ ಮಾಡಿಸುತ್ತಿದ್ದವರು ಏಕಾಏಕಿ ‘ಶತ್ರು ದೇಶದ ಪ್ರಜೆ’ಗಳಾದರು. ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿದರು, ಆಮೇಲೆ ದೇಶ ಬಿಡಿಸಿದರು. ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಕೊನೆಗೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಸೇರಿದವು.

ಇದರಲ್ಲಿ ಭದ್ರತೆ ಎಷ್ಟು, ವ್ಯಾಪಾರದ ಆಸೆ ಎಷ್ಟು? ಎರಡನೆಯದೇ ಜಾಸ್ತಿ ಅಂತ ನನ್ನ ಲೆಕ್ಕ. ಹಂಚಿನ ಭಟ್ಟಿಯಿಂದ ಸಾಮ್ರಾಜ್ಯಕ್ಕೆ ಏನು ಅಪಾಯ ಇತ್ತು, ಹೇಳಿ? ಖಾಕಿ ಬಣ್ಣ ಹುಟ್ಟಿದ್ದೇ ಬಲ್ಮಠದಲ್ಲಿ ಅಂತ ನಮ್ಮೂರಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ವಾಯವ್ಯ ಗಡಿಯ ಸಿಪಾಯಿಗಳು ಅದಕ್ಕೆ ಮೊದಲೇ ಖಾಕಿ ತೊಟ್ಟಿದ್ದರು, ಆ ಜಗಳ ಇವತ್ತು ಬೇಡ. ಮಿಷನ್‌ನವರು ಖಾಕಿ ಬಟ್ಟೆ ನೇಯುತ್ತಿದ್ದದ್ದಂತೂ ನಿಜ. ಬ್ರಿಟಿಷ್ ಸಿಪಾಯಿಯ ಮೈಮೇಲಿದ್ದ ಬಣ್ಣದ ಬಟ್ಟೆ ನೇಯಿಸಿದವರೇ ಬ್ರಿಟಿಷರ ಶತ್ರುಗಳು!

1939ರಲ್ಲೂ ಯಾರೂ ಕೇಳಲಿಲ್ಲ. ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್ಲಿತ್ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿಬಿಟ್ಟರು. ಆದರೆ ಈ ಸಲ ಒಂದು ವ್ಯತ್ಯಾಸವಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು, 1937ರಲ್ಲಿ ಇಲ್ಲಿನವರೂ ಓಟು ಹಾಕಿದ್ದರು. ಆ ಓಟಿನಿಂದ ಬಂದ ರಾಜಾಜಿ ಸರ್ಕಾರ ಅಕ್ಟೋಬರ್ ಕೊನೆಗೆ ರಾಜೀನಾಮೆ ಕೊಟ್ಟಿತು. ಗವರ್ನರ್ ಆಳ್ವಿಕೆ ಬಂತು. ಪ್ರತಿಭಟನೆಯಾಗಿ ಅದು ಸರಿಯೇ. ಆದರೆ ಅಕ್ಕಿಯ ಬೆಲೆ ಏರಿದಾಗ ಹೋಗಿ ಕೇಳಲು ನಾವು ಆರಿಸಿದ ಮಂತ್ರಿಯೇ ಇರಲಿಲ್ಲ ನೋಡಿ.

1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಯಿತು, ಬರ್ಮಾ ಅಕ್ಕಿ ನಿಂತಿತು. ಆಮೇಲೆ ರೇಷನ್ ಕಾಲ. ಅದರ ವಿವರ ಸರ್ಕಾರಿ ಕಡತಕ್ಕಿಂತ ನಿಮ್ಮ ಮನೆಗಳಲ್ಲೇ ಚೆನ್ನಾಗಿ ಸಿಗುತ್ತದೆ. ಅಜ್ಜಿಯ ಟ್ರಂಕಿನಲ್ಲಿ ಆಗಿನ ರೇಷನ್ ಚೀಟಿಯೋ, ಹಂಚಿನ ಕಾರ್ಖಾನೆಯ ಸಂಬಳದ ಚೀಟಿಯೋ ಇದ್ದರೆ ಬಿಸಾಡಬೇಡಿ, ನನಗೊಮ್ಮೆ ತೋರಿಸಿ. ಈಗ ಪ್ರಶ್ನೆಗಳಿದ್ದರೆ ಕೇಳಿ.