ಹನಿಯೊಳಗಿನ ಉಪ್ಪು ಮಾಡುವ ಕೆಲಸ

ನಮಸ್ಕಾರ. ಕಡಲಿನ ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಕಣ್ಣಿಗೂ ಕಾಣದಷ್ಟು ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. ಹೊರಡುವಾಗ ಹನಿಯಲ್ಲಿರುವುದು ಸಮುದ್ರದ ನೀರೇ, ಕಿಲೋಗೆ ಸುಮಾರು 35 ಗ್ರಾಂ ಉಪ್ಪು. ಆಮೇಲೆ ನೀರು ಆರುತ್ತಾ ಹೋಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ.

ಪಾತ್ರೆಯಲ್ಲಾದರೆ ಉಪ್ಪು ಹರಳುಗಟ್ಟಿ ತಳಕ್ಕೆ ಕೂರುತ್ತಿತ್ತು. ಸಣ್ಣ ಹನಿಯಲ್ಲಿ ಹರಳು ಶುರುವಾಗುವುದೇ ಕಷ್ಟ. ಅಡುಗೆ ಉಪ್ಪಿನ ಒಣ ಕಣ ಕರಗಲು ಗಾಳಿಯ ತೇವ ಶೇಕಡ 75ರಷ್ಟಿರಬೇಕು, ಆದರೆ ಒಮ್ಮೆ ಕರಗಿದ ಹನಿ ತೇವ ಶೇಕಡ 45ರ ಆಸುಪಾಸಿಗೆ ಇಳಿಯುವವರೆಗೂ ದ್ರವವಾಗಿಯೇ ಇರಬಲ್ಲದು. ಅಷ್ಟು ದಟ್ಟ ಉಪ್ಪುನೀರನ್ನು ಲೋಟದಲ್ಲಿ ಮಾಡಿಟ್ಟುಕೊಳ್ಳುವುದು ಕಷ್ಟ.

ಇಂಥ ನೀರಿನಲ್ಲಿ ರಾಸಾಯನಿಕ ಕ್ರಿಯೆಗಳ ವೇಗವೇ ಬದಲಾಗುತ್ತದೆ. ಎರಡು ಮೈನಸ್ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳು, ಸೇರಬೇಕು ಅಂದುಕೊಳ್ಳಿ, ಅವು ಒಂದನ್ನೊಂದು ದೂರ ತಳ್ಳುತ್ತವೆ ಅಲ್ವಾ? ಸುತ್ತ ಉಪ್ಪಿನ ಅಯಾನುಗಳು ಮುತ್ತಿಕೊಂಡರೆ ಆ ತಳ್ಳಾಟ ಕಡಿಮೆಯಾಗಿ ಕ್ರಿಯೆ ಚುರುಕಾಗುತ್ತದೆ. ಒಂದು ಪ್ಲಸ್, ಒಂದು ಮೈನಸ್ ಆದರೆ ಸೆಳೆತವೇ ಕುಗ್ಗಿ ಕ್ರಿಯೆ ನಿಧಾನ. ಡೆನ್ಮಾರ್ಕಿನ ರಸಾಯನವಿಜ್ಞಾನಿ ಬ್ರೋನ್‌ಸ್ಟೆಡ್ 1920ರ ದಶಕದಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಆದರೆ ಆ ಲೆಕ್ಕ ತಿಳಿಯಾದ, ಅಂದರೆ ಉಪ್ಪು ಕಡಿಮೆ ಇರುವ ದ್ರಾವಣಕ್ಕೆ ಹೊಂದುತ್ತದೆ, ದಟ್ಟ ಹನಿಗೆ ಸಾಲದು.

ಗಂಧಕದ ಡೈಆಕ್ಸೈಡ್ ಅನಿಲವನ್ನೇ ನೋಡಿ. ಕಲ್ಲಿದ್ದಲು ಉರಿದಾಗ ಬರುವ ಈ ಅನಿಲ ಹನಿಯೊಳಗೆ ಕರಗಿ ಸಲ್ಫೇಟ್ ಆಗುತ್ತದೆ, ಹೊಗೆಮಂಜು ದಟ್ಟವಾಗುವುದಕ್ಕೆ ಅದೂ ಒಂದು ಕಾರಣ. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ನಡೆಯುವ ಕ್ರಿಯೆ ಜಾಸ್ತಿ ಉಪ್ಪಿರುವ ಹನಿಯಲ್ಲಿ ವೇಗ ಪಡೆಯುತ್ತದೆ. ಕಬ್ಬಿಣ, ಮ್ಯಾಂಗನೀಸ್ ನೆರವಿನಿಂದ ನಡೆಯುವ ಕ್ರಿಯೆ ಅದೇ ಉಪ್ಪಿನಲ್ಲಿ ಕುಂಟುತ್ತದೆ. ಅನಿಲ ಒಂದೇ, ಕೊನೆಗೆ ಆಗುವುದೂ ಸಲ್ಫೇಟೇ, ಆದರೂ ಉಪ್ಪು ಒಂದು ದಾರಿಯನ್ನು ತೆರೆದು ಇನ್ನೊಂದನ್ನು ಕಿರಿದು ಮಾಡುತ್ತದೆ! ನನಗೆ ಇದೇ ಇಡೀ ವಿಷಯದ ತಿರುಳು ಅನಿಸುತ್ತದೆ.

ಮೇಲ್ಮೈಯ ಕಥೆ ಬೇರೆ. ಒಂದು ಮಿಲಿಮೀಟರ್ ಹನಿಗೆ ಹೋಲಿಸಿದರೆ ಒಂದು ಮೈಕ್ರೋಮೀಟರ್ ಹನಿಯಲ್ಲಿ ಅಷ್ಟೇ ನೀರಿಗೆ ಸಾವಿರ ಪಟ್ಟು ಮೇಲ್ಮೈ. ಬ್ರೋಮೈಡ್, ಅಯೋಡೈಡ್ ಅಯಾನುಗಳಿಗೆ ಹೊರ ಅಂಚಿನತ್ತ ಒಲವು, ಹಾಗಾಗಿ ಗಾಳಿಯ ಓಝೋನ್ ಒಳಗಿಳಿಯುವ ಮೊದಲೇ ಅವಕ್ಕೆ ಸಿಗುತ್ತದೆ.

ಅದಕ್ಕೇ ಮೋಡದ ತಿಳಿ ಹನಿಗೆ ಅಳೆದ ವೇಗವನ್ನು ಹೊಗೆಮಂಜಿನ ದಟ್ಟ ಹನಿಗೆ ಹಾಗೇ ಹಚ್ಚಿದರೆ ತಪ್ಪಾಗುತ್ತದೆ. ಈಗ ವಿಜ್ಞಾನಿಗಳು ವಿದ್ಯುತ್ ಕ್ಷೇತ್ರದಲ್ಲೋ ಲೇಸರ್ ಬೆಳಕಿನಲ್ಲೋ ಒಂದೇ ಒಂದು ಹನಿಯನ್ನು ಗಾಳಿಯಲ್ಲಿ ತೇಲಿಸಿ ಹಿಡಿದು, ತೇವ ಏರಿಸಿ ಇಳಿಸಿ, ಕ್ರಿಯೆಯ ವೇಗವನ್ನು ಆ ಹನಿಯೊಳಗೇ ಅಳೆಯುತ್ತಿದ್ದಾರೆ. ನಮಸ್ಕಾರ.