13ನೇ ಸುತ್ತಿನ ಪ್ರಶ್ನೆ: ಬೇರೆ ಬೇರೆ ಕಾಲದ ಹೆವಿವೇಟ್ ಚಾಂಪಿಯನ್ನರನ್ನು ಅಳೆಯುವುದು ಹೇಗೆ?

ಮಾನ್ಯರೇ,

1970ರ ಜನವರಿಯಲ್ಲಿ ಅಮೆರಿಕದ ಪ್ರೇಕ್ಷಕರು ನಿಜವಾಗಿ ಎಂದೂ ನಡೆಯದ ಹೆವಿವೇಟ್ (ಅತಿ ಹೆಚ್ಚು ತೂಕದ ವರ್ಗ) ಬಾಕ್ಸಿಂಗ್ ಕಾದಾಟವೊಂದನ್ನು ಹಣ ಕೊಟ್ಟು ನೋಡಿದರು. ಸೋಲನ್ನೇ ಕಾಣದೆ ನಿವೃತ್ತರಾಗಿದ್ದ ರಾಕಿ ಮಾರ್ಸಿಯಾನೊ ಮತ್ತು ಪಟ್ಟ ಕಳೆದುಕೊಂಡು ರಿಂಗ್‌ನಿಂದ ಹೊರಗುಳಿದಿದ್ದ ಮೊಹಮ್ಮದ್ ಅಲಿ ಹಿಂದಿನ ವರ್ಷ ಕ್ಯಾಮೆರಾದ ಮುಂದೆ ಗುದ್ದಾಡಿದಂತೆ ನಟಿಸಿದ್ದರು. ಫಲಿತಾಂಶವನ್ನು ಕಂಪ್ಯೂಟರ್ ನಿರ್ಧರಿಸಿತೆಂದು ಪ್ರಚಾರ ಮಾಡಲಾಗಿತ್ತು. ಅಮೆರಿಕದಲ್ಲಿ ತೋರಿಸಿದ ಚಿತ್ರದಲ್ಲಿ ಮಾರ್ಸಿಯಾನೊ 13ನೇ ಸುತ್ತಿನಲ್ಲಿ ಗೆದ್ದರು. ಯುರೋಪಿನಲ್ಲಿ ತೋರಿಸಿದ್ದು ಅಲಿ ಗೆಲ್ಲುವ ಇನ್ನೊಂದು ಆವೃತ್ತಿ. ಕಂಪ್ಯೂಟರಿಗೂ ಊರಭಿಮಾನ ಇತ್ತೆಂದು ನಾವು ನಗಬಹುದು. ಆದರೆ ಇಬ್ಬರು ಚಾಂಪಿಯನ್ನರನ್ನು ಅವರವರ ಕಾಲದಿಂದ ಕಿತ್ತು ತಂದು ಎದುರುಬದುರು ನಿಲ್ಲಿಸಿದಾಗ, ಯಾರ ಕಾಲದ ನಿಯಮಗಳಿಗೆ ಅವರನ್ನು ಒಪ್ಪಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳುವುದಿಲ್ಲ.

ನಿಯಮ ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಮಾರ್ಸಿಯಾನೊ ಅವರ ದಾಖಲೆಯೇ ಸಾಕ್ಷಿ. 49 ಕಾದಾಟ, 49 ಗೆಲುವು, ಅದರಲ್ಲಿ 43 ನಾಕ್‌ಔಟ್. 1952ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ಜರ್ಸಿ ಜೋ ವಾಲ್ಕಾಟ್ ಅವರಿಂದ ಪಟ್ಟ ಗೆದ್ದದ್ದು 13ನೇ ಸುತ್ತಿನ ಒಂದೇ ಬಲಗೈ ಗುದ್ದಿನಿಂದ. ಅದುವರೆಗೆ ಮೂವರು ತೀರ್ಪುಗಾರರ ಅಂಕಗಳ ಲೆಕ್ಕದಲ್ಲೂ ಅವರು ಹಿಂದೆ ಬಿದ್ದಿದ್ದರು. ಅಂದಿನ ಪಟ್ಟದ ಕಾದಾಟ 15 ಸುತ್ತಿನದು. ಇಂದಿನಂತೆ 12ಕ್ಕೇ ಗಂಟೆ ಬಾರಿಸಿದ್ದರೆ ಆ ಸೊನ್ನೆ ಸೋಲಿನ ದಾಖಲೆ ಅಲ್ಲಿಗೇ ಮುಗಿಯುತ್ತಿತ್ತು. ಸತತ 25 ಬಾರಿ ಪಟ್ಟ ಉಳಿಸಿಕೊಂಡ ಜೋ ಲೂಯಿಸ್ ಅವರದೂ ಇದೇ ಕಥೆ. 1941ರಲ್ಲಿ ತಮಗಿಂತ ಬಹಳ ಹಗುರವಾಗಿದ್ದ ಬಿಲ್ಲಿ ಕಾನ್ ಎದುರು 12 ಸುತ್ತು ಮುಗಿದಾಗ ಅವರು ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಹಿಂದಿದ್ದರು, ಮೂರನೆಯವರಲ್ಲಿ ಸಮ. ಅವರೂ ಗೆದ್ದದ್ದು 13ರಲ್ಲೇ. ಹಾಗೆಂದು ಇವೆರಡನ್ನೂ ಸೋಲೆಂದು ತಿದ್ದಿ ಬರೆಯುವಂತಿಲ್ಲ. 15 ಸುತ್ತಿಗೆ ಸಿದ್ಧನಾದವನು ಉಸಿರನ್ನೂ ಬಲವನ್ನೂ ಹಂಚಿಕೊಳ್ಳುವ ಬಗೆಯೇ ಬೇರೆ; 12ಕ್ಕೆ ಮುಗಿಯುತ್ತದೆಂದು ತಿಳಿದಿದ್ದರೆ ಮಾರ್ಸಿಯಾನೊ 11ರಲ್ಲೇ ಎಲ್ಲವನ್ನೂ ಪಣಕ್ಕೊಡ್ಡುತ್ತಿದ್ದರೇನೋ. 1982ರಲ್ಲಿ ಕೊರಿಯಾದ ಹಗುರ ತೂಕದ ಬಾಕ್ಸರ್ ಕಿಮ್ ಡುಕ್ ಕೂ, 14ನೇ ಸುತ್ತಿನಲ್ಲಿ ಕುಸಿದು ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ಪಟ್ಟದ ಕಾದಾಟಗಳನ್ನು ಕ್ರಮೇಣ 12 ಸುತ್ತಿಗೆ ಇಳಿಸಲಾಯಿತು. ಅದು ಸರಿಯಾದ ನಿರ್ಧಾರ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಬದಲಾವಣೆಯ ಆಚೀಚಿನ ದಾಖಲೆಗಳನ್ನು ಒಂದೇ ಪಟ್ಟಿಯಲ್ಲಿ ಬರೆದು ಅಂಕಿ ಹೋಲಿಸುವುದು ಸರಿಯಲ್ಲ.

ದೇಹದ ಗಾತ್ರದ ವಾದವನ್ನು ಎಲ್ಲರೂ ಎತ್ತುತ್ತಾರೆ. ಸುಮಾರು 84 ಕಿಲೋ ತೂಗುತ್ತಿದ್ದ ಮಾರ್ಸಿಯಾನೊ ಇಂದು ಹೆವಿವೇಟ್ ಆಗಿಯೇ ಉಳಿಯುತ್ತಿರಲಿಲ್ಲ; ಅದಕ್ಕಿಂತ ಕೆಳಗಿನ ಕ್ರೂಸರ್‌ವೇಟ್‌ನ ಮಿತಿಯೇ 90 ಕಿಲೋ ದಾಟುತ್ತದೆ. ಆದರೂ ಈ ವಾದಕ್ಕೆ ಮಿತಿಯಿದೆ. 1919ರಲ್ಲಿ 85 ಕಿಲೋದ ಜ್ಯಾಕ್ ಡೆಂಪ್ಸಿ 111 ಕಿಲೋದ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ಸುತ್ತಿನಲ್ಲೇ ಏಳು ಸಲ ನೆಲಕ್ಕೆ ಕೆಡವಿದರು. ಕ್ರೂಸರ್‌ವೇಟ್‌ನಿಂದ ಬಂದ ಒಲೆಕ್ಸಾಂಡರ್ ಉಸಿಕ್ 2024ರ ಮೇ ತಿಂಗಳಲ್ಲಿ ತಮಗಿಂತ ಎತ್ತರವೂ ಭಾರವೂ ಆಗಿದ್ದ ಟೈಸನ್ ಫ್ಯೂರಿ ಅವರನ್ನು ಸೋಲಿಸಿ ಅವಿವಾದಿತ (ಎಲ್ಲ ಪ್ರಮುಖ ಪಟ್ಟಗಳನ್ನೂ ಒಟ್ಟಿಗೆ ಹೊಂದಿದ) ಚಾಂಪಿಯನ್ ಆದರು. ಎರಡು ಕಾಲಗಳಿಗೆ ಸೇತುವೆಯಾಗಿ ನಿಲ್ಲುವವರು ಜಾರ್ಜ್ ಫೋರ್‌ಮನ್. 1974ರಲ್ಲಿ ಅಲಿಗೆ ಸೋತ ಅವರೇ 20 ವರ್ಷಗಳ ನಂತರ, 45ನೇ ವಯಸ್ಸಿನಲ್ಲಿ, ಮೈಕೆಲ್ ಮೂರರ್ ಅವರನ್ನು ಕೆಡವಿ ಮತ್ತೆ ಚಾಂಪಿಯನ್ ಆದರು. ಆದರೆ ಆ ರಾತ್ರಿ ಅವರು 113 ಕಿಲೋ ತೂಗುತ್ತಿದ್ದರು, ಮೊದಲಿಗಿಂತ ಸುಮಾರು 13 ಕಿಲೋ ಹೆಚ್ಚು. ಸೇತುವೆಯೂ ಕಾಲದ ಜೊತೆ ಬೆಳೆದಿತ್ತು!

ನನ್ನ ಮಟ್ಟಿಗೆ ಗಾತ್ರಕ್ಕಿಂತ ಮುಖ್ಯವಾದದ್ದು, ಚಾಂಪಿಯನ್ ಆದವರು ಯಾರೊಂದಿಗೆ ಕಾದಾಡಿದರು ಮತ್ತು ಯಾರನ್ನು ಹೊರಗಿಟ್ಟರು ಎಂಬುದು. ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ 1915ರಲ್ಲಿ ಪಟ್ಟ ಕಳೆದುಕೊಂಡ ಮೇಲೆ, 1937ರಲ್ಲಿ ಲೂಯಿಸ್ ಅವರಿಗೆ ಸಿಗುವವರೆಗೆ, ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕಾಗಿ ಸೆಣಸುವ ಅವಕಾಶ ಸಿಗಲಿಲ್ಲ. ಡೆಂಪ್ಸಿ ಎಷ್ಟೇ ಉಗ್ರ ಹೋರಾಟಗಾರರಾಗಿರಲಿ, ವರ್ಷಗಟ್ಟಲೆ ಕಾದು ಕುಳಿತ ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್ ಅವರನ್ನು ಎದುರಿಸದೆ ಪಟ್ಟದಲ್ಲಿದ್ದರೆಂಬ ಕೊರತೆ ಅವರ ಲೆಕ್ಕದಲ್ಲಿ ಉಳಿದೇ ಇರುತ್ತದೆ. ತಪ್ಪು ಅವರೊಬ್ಬರದಲ್ಲ; ಆ ಕಾದಾಟವನ್ನು ಏರ್ಪಡಿಸಲು ಪ್ರವರ್ತಕರೂ ಅಧಿಕಾರಿಗಳೂ ಹಿಂಜರಿದರು. ವಿಚಿತ್ರವೆಂದರೆ, ಸ್ವತಃ ಈ ಬೇಲಿಯನ್ನು ಮುರಿದ ಜಾನ್ಸನ್ ಅವರೂ ಚಾಂಪಿಯನ್ ಆದಮೇಲೆ ಇನ್ನೊಬ್ಬ ಕಪ್ಪು ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡ್ ಅವರಿಗೆ ಅವಕಾಶ ಕೊಡಲಿಲ್ಲ.

ಈ ಅಳತೆಯಲ್ಲಿ ನಾನು ಅಲಿಯನ್ನು ಮೊದಲು ಇಡುತ್ತೇನೆ. ಅವರು ಐದು ಬಾರಿ ಸೋತಿದ್ದಾರೆ, ಮಾರ್ಸಿಯಾನೊ ಒಮ್ಮೆಯೂ ಇಲ್ಲ. ಆದರೆ ಅಲಿ ಎದುರಿಸಿದ್ದು ತಮ್ಮ ಕಾಲದ ಬಲಿಷ್ಠ ಹೆವಿವೇಟ್ ಬಾಕ್ಸರ್‌ಗಳನ್ನು: ಲಿಸ್ಟನ್ ಅವರನ್ನು ಎರಡು ಸಲ, ಫ್ರೇಜಿಯರ್ ಅವರನ್ನು ಮೂರು ಸಲ, ನಾರ್ಟನ್ ಅವರನ್ನು ಮೂರು ಸಲ. ಫ್ರೇಜಿಯರ್ ಮತ್ತು ನಾರ್ಟನ್ ಇಬ್ಬರನ್ನೂ ಎರಡೆರಡು ಸುತ್ತಿನಲ್ಲೇ ಮುಗಿಸಿ ಬಂದಿದ್ದ ಫೋರ್‌ಮನ್ ಅವರನ್ನು ಆಫ್ರಿಕಾದ ಕಿನ್ಶಾಸಾದಲ್ಲಿ. ಮಾರ್ಸಿಯಾನೊ ಮಣಿಸಿದ ದೊಡ್ಡ ಹೆಸರುಗಳಲ್ಲಿ ಲೂಯಿಸ್ ಅವರಿಗೆ ಆಗ 37 ವರ್ಷ, ವಾಲ್ಕಾಟ್ ಅವರಿಗೆ 38, ಆರ್ಚಿ ಮೂರ್ ಅವರೂ 38 ದಾಟಿದ್ದವರು. ಲೂಯಿಸ್ ಅವರನ್ನು ಎರಡನೆಯ ಸ್ಥಾನದಲ್ಲಿ ಇಡುವಾಗ ನನಗೆ ಅಷ್ಟೇನೂ ಹಿಂಜರಿಕೆಯಿಲ್ಲ. ಮಾರ್ಸಿಯಾನೊ ಅವರನ್ನು ಎಲ್ಲಿಡಬೇಕೆಂಬುದು ಮಾತ್ರ ವಾಲ್ಕಾಟ್ ಎದುರಿನ ಆ 13ನೇ ಸುತ್ತನ್ನು ನೀವು ಹೇಗೆ ಓದುತ್ತೀರಿ ಎಂಬುದನ್ನು ಅವಲಂಬಿಸಿದೆ. ನಾನು ಅದನ್ನು ಅದೃಷ್ಟವೆಂದು ಓದುವುದಿಲ್ಲ.