ಕುಂಡದ ಅರೌಕೇರಿಯಾ: ಕೆಳಗಿನ ಕೊಂಬೆಗಳನ್ನು ಉಳಿಸಿಕೊಳ್ಳುವ ಬಗೆ

ಈಗ ನೀವು ನೋಡುತ್ತಿರುವುದು ಆರು ವರ್ಷಗಳಿಂದ ನಾನು ಬೆಳೆಸುತ್ತಿರುವ ಅರೌಕೇರಿಯಾ ಗಿಡ. ಮಣ್ಣಿನಿಂದ ಒಂದು ಗೇಣು ಎತ್ತರದವರೆಗೆ ಕಾಂಡ ಬೋಳಾಗಿರುವುದನ್ನು ಗಮನಿಸಿ. ಅಲ್ಲಿ ಸುತ್ತಲೂ ಗಂಟುಗಳಂತೆ ಕಾಣುವ ಗುರುತುಗಳು ಹಿಂದೆ ಐದು ಕೊಂಬೆಗಳಿದ್ದ ಜಾಗ. ಮೊದಲ ವರ್ಷ ನಾನು ಮಾಡಿದ ತಪ್ಪಿನಿಂದ ಅವು ಒಣಗಿಹೋದವು. ಅಂದಿನಿಂದ ಅಲ್ಲಿ ಒಂದು ಚಿಗುರೂ ಮೂಡಿಲ್ಲ. ಈ ಗಿಡದ ಸ್ವಭಾವವೇ ಹಾಗೆ, ಬುಡದಲ್ಲಿ ಕಳೆದುಕೊಂಡ ಕೊಂಬೆಯನ್ನು ಅದು ಮತ್ತೆ ಬೆಳೆಸಿಕೊಳ್ಳುವುದಿಲ್ಲ. ಆದ್ದರಿಂದ ಇದರ ಆರೈಕೆಯೆಂದರೆ ಮುಖ್ಯವಾಗಿ ಇರುವ ಕೊಂಬೆಗಳನ್ನು ಕಾಪಾಡಿಕೊಳ್ಳುವುದು.

ನರ್ಸರಿಗಳಲ್ಲಿ ಕ್ರಿಸ್ಮಸ್ ಗಿಡವೆಂದು ಮಾರುವ ಇದನ್ನು ನಾರ್ಫೋಕ್ ದ್ವೀಪದ ಪೈನ್ ಎಂದೂ ಕರೆಯುತ್ತಾರೆ, ಆದರೆ ಇದು ಪೈನ್ ಕುಟುಂಬಕ್ಕೆ ಸೇರಿದ್ದಲ್ಲ. ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿರುವ ನಾರ್ಫೋಕ್ ದ್ವೀಪ. 1774ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್, ನೆಟ್ಟಗೆ ನಿಂತ ಈ ಮರಗಳನ್ನು ಕಂಡು ಹಡಗಿನ ಪಟಸ್ತಂಭಗಳಿಗೆ ಒದಗಬಹುದೆಂದು ಭಾವಿಸಿದ್ದ. ಮರ ಅದಕ್ಕೆ ಬೇಕಾದಷ್ಟು ಗಟ್ಟಿಯಲ್ಲವೆಂಬುದು ಆಮೇಲೆ ತಿಳಿಯಿತು. ತವರಿನಲ್ಲಿ 50 ಮೀಟರಿಗೂ ಮೀರಿ ಬೆಳೆಯುವ ಈ ಮರ ಕುಂಡದಲ್ಲಿ ಸಾಮಾನ್ಯವಾಗಿ ಎರಡು ಮೀಟರಿನ ಆಸುಪಾಸಿನಲ್ಲೇ ನಿಧಾನವಾಗಿ ಬೆಳೆದುಕೊಂಡಿರುತ್ತದೆ. ಹಿತವಾದ ಹವೆ ಮತ್ತು ತೇವ ತುಂಬಿದ ಕಡಲ ಗಾಳಿಗೆ ಹೊಂದಿಕೊಂಡ ಜಾತಿಯಾದ್ದರಿಂದ ಹಿಮ ಸುರಿಯುವ ಚಳಿಯನ್ನಾಗಲಿ, ಹೀಟರ್ ಮತ್ತು ಏಸಿಗಳ ಒಣ ಗಾಳಿಯನ್ನಾಗಲಿ ಇದು ತಾಳುವುದಿಲ್ಲ.

ನನ್ನ ತಪ್ಪು ಬೆಳಕಿನದು. ಅಂದಕ್ಕೆಂದು ಗಿಡವನ್ನು ಕೋಣೆಯ ಮಬ್ಬು ಮೂಲೆಯಲ್ಲಿಟ್ಟು, ಹೊರಗಿನ ಗಿಡಗಳಿಗೆ ಹಾಕುವಷ್ಟೇ ನೀರನ್ನು ದಿನವೂ ಹಾಕಿದೆ. ಬೆಳಕು ಕಡಿಮೆಯಾದಾಗ ಗಿಡ ನೀರನ್ನು ಹೀರುವುದೂ ಕಡಿಮೆಯಾಗುತ್ತದೆ. ಮಣ್ಣು ಸದಾ ಒದ್ದೆಯಾಗಿ ಬೇರಿಗೆ ಗಾಳಿಯಾಡದೆ ಕೊಳೆಯತೊಡಗುತ್ತದೆ. ಮೊದಲು ಬುಡದ ಕೊಂಬೆಗಳು ಹಳದಿಯಾಗಿ ಜೋತುಬಿದ್ದವು. ಬಾಯಾರಿಕೆಯೆಂದು ತಿಳಿದು ಇನ್ನಷ್ಟು ನೀರು ಹಾಕಿದೆ, ಅದರಿಂದಲೇ ಅವು ಸತ್ತವು. ಈಗ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಅಲ್ಲಿ ಒಣಗಿದ್ದರೆ ಮಾತ್ರ ಕುಂಡದ ತಳದಿಂದ ಹರಿಯುವಂತೆ ನೀರು ಕೊಟ್ಟು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಹಾಗೆಂದು ಮಣ್ಣನ್ನು ಪೂರ್ತಿ ಒಣಗಲು ಬಿಟ್ಟರೂ ಕೆಳಗಿನ ಕೊಂಬೆಗಳೇ ಮೊದಲು ಕಂದು ಬಣ್ಣಕ್ಕೆ ತಿರುಗುತ್ತವೆ.

ಹತ್ತಿರದಿಂದ ಈ ಎಲೆಗಳನ್ನು ನೋಡಿ. ಸೂಜಿಯಂತೆ ಕಂಡರೂ ಬೆರಳಿಗೆ ಚುಚ್ಚುವುದಿಲ್ಲ. ಒಂದೊಂದೂ ತುದಿಯಲ್ಲಿ ಒಳಕ್ಕೆ ಬಾಗಿದೆ. ಬಲಿತ ಮರದಲ್ಲಿ ಎಲೆಗಳು ಅಗಲವಾಗಿ, ಹುರುಪೆಯಂತೆ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಹೀಗೆ ಭಿನ್ನ ಬಗೆಯ ಎಲೆಗಳಿರುವುದರಿಂದಲೇ ಸಸ್ಯಶಾಸ್ತ್ರದಲ್ಲಿ ಇದಕ್ಕೆ ಹೆಟೆರೊಫಿಲ್ಲಾ ಎಂಬ ಹೆಸರು. ಬೆಳಕು ಒಂದೇ ಕಡೆಯಿಂದ ಬಿದ್ದರೆ ಗಿಡ ಅತ್ತಲೇ ವಾಲುವುದರಿಂದ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತೇನೆ.

ಎತ್ತರ ಹೆಚ್ಚಾಯಿತೆಂದು ದಯವಿಟ್ಟು ನಡುಗಾಂಡದ ಕುಡಿಯನ್ನು ಕತ್ತರಿಸಬೇಡಿ. ಸುಳಿ ಹೋದ ಗಿಡಕ್ಕೆ ಅದರ ಗೋಪುರದಂಥ ರೂಪ ಸಾಮಾನ್ಯವಾಗಿ ಮರಳುವುದಿಲ್ಲ. ಪಕ್ಕದ ಕೊಂಬೆಯನ್ನು ನೆಟ್ಟು ಹೊಸ ಗಿಡ ಮಾಡುವ ಆಸೆಯೂ ಕೈಗೂಡುವುದಿಲ್ಲ, ಏಕೆಂದರೆ ಬೇರು ಬಿಟ್ಟ ಮೇಲೂ ಅದು ತಾನು ಕೊಂಬೆಯೆಂಬುದನ್ನು ಮರೆಯದೆ ಅಡ್ಡಡ್ಡವಾಗಿಯೇ ಬೆಳೆಯುತ್ತದೆ. ನನಗೆ ಈ ಗಿಡದಲ್ಲಿ ಅತ್ಯಂತ ವಿಸ್ಮಯವೆನಿಸಿದ ಸಂಗತಿ ಇದೇ. ನೇರ ನಿಲ್ಲುವ ಸಸಿ ಬೇಕಿದ್ದರೆ ಬೀಜವೇ ದಾರಿ.

ಕುಂಡ ಬದಲಾವಣೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ನೀರು ಬಸಿಯುವ, ತುಸು ಹುಳಿ ಗುಣದ ಮಣ್ಣಿರಲಿ, ಬೇರುಗಳನ್ನು ಹೆಚ್ಚು ಕೆದಕಬೇಡಿ. ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿಗಳನ್ನು ಒತ್ತಾಗಿ ನೆಟ್ಟು ಮಾರುವುದುಂಟು. ಚಿಕ್ಕವಿದ್ದಾಗಲೇ ಬೇರ್ಪಡಿಸಿದರೆ ಸರಿ. ಬೆಳೆದ ಮೇಲೆ ಹೆಣೆದುಕೊಂಡ ಬೇರುಗಳನ್ನು ಕೀಳುವುದಕ್ಕಿಂತ ಹಾಗೆಯೇ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕೊಂಬೆಯ ಸಂದಿನಲ್ಲಿ ಹತ್ತಿಯಂಥ ಬಿಳಿ ಹಿಟ್ಟು ಕಂಡರೆ ಅದು ಹಿಟ್ಟುತಿಗಣೆ, ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ ತೆಗೆಯಿರಿ.

ಕೊನೆಯದಾಗಿ ಸುಳಿಯ ತುದಿಯನ್ನು ತೋರಿಸುತ್ತೇನೆ. ತಿಳಿಹಸಿರಿನ ಐದು ಮೊಗ್ಗುಗಳು ನಕ್ಷತ್ರದಂತೆ ಸುತ್ತ ಬಿಡಿಸಿಕೊಳ್ಳುತ್ತಿವೆ. ಈ ವರ್ಷದ ಹೊಸ ಅಂತಸ್ತು ಅದು.